ಗ್ರೀಸ್ ತುಂಬಿದ್ದರೂ ಒಣಗಿದ್ದ ಸ್ಟೀರಿಂಗ್ ಬಾಕ್ಸ್: ಮಲೆನಾಡಿನ ಹಳೆಯ ಜೀಪೊಂದರ ಪ್ರಕರಣ ಅಧ್ಯಯನ

ಸ್ಟೀರಿಂಗ್ ಚಕ್ರದ ತಿರುವನ್ನು ಗಾಲಿಗಳ ಕಡೆಗೆ ದಾಟಿಸುವ ಪೆಟ್ಟಿಗೆಯಾದ ಸ್ಟೀರಿಂಗ್ ಬಾಕ್ಸಿನಿಂದ ಎಣ್ಣೆ ಸೋರುತ್ತಿದೆ ಎಂದು ಹೇಳಿದರೆ ನಮ್ಮ ಕಡೆಯ ಬಹುತೇಕ ಗ್ಯಾರೇಜುಗಳಲ್ಲಿ ಸಿಗುವ ಸಲಹೆ ಒಂದೇ: ಎಣ್ಣೆ ಬೇಡ, ಗ್ರೀಸ್ ಹೊಡೆದುಬಿಡಿ. ಸೋರಿಕೆ ನಿಲ್ಲುತ್ತದೆ, ನೆಲ ಶುಭ್ರವಾಗಿರುತ್ತದೆ, ಗಾಡಿಯ ಯಜಮಾನರಿಗೂ ಸಮಾಧಾನ. ಆದರೆ ಬಾಕ್ಸಿನ ಒಳಗೆ ಏನಾಗುತ್ತಿದೆ ಎಂಬುದು ಹಲವು ವರ್ಷಗಳ ಮಟ್ಟಿಗೆ ಯಾರಿಗೂ ಕಾಣುವುದಿಲ್ಲ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರಿಂದ ನಮ್ಮ ಶೆಡ್ಡಿಗೆ ಬಂದ ಒಂದು ಜೀಪಿನಲ್ಲಿ ಅದನ್ನು ಪದರ ಪದರವಾಗಿ ನೋಡುವ ಅವಕಾಶ ಸಿಕ್ಕಿತು. ಹಳೆಯ ವಾಹನಗಳನ್ನು ಇಟ್ಟುಕೊಂಡವರು ಈ ಪ್ರಕರಣವನ್ನು ಪೂರ್ತಿ ಓದಬೇಕು ಎಂಬುದು ನನ್ನ ಆಸೆ. ಏಕೆಂದರೆ ಇದೇ ಸ್ಥಿತಿಯಲ್ಲಿರುವ ಬಾಕ್ಸುಗಳು ಘಾಟಿ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿವೆ.

ವಾಹನ ಮತ್ತು ಅದರ ಬಾಕ್ಸ್

ವಾಹನ 1960ರ ದಶಕದ ಮಹೀಂದ್ರ ಸಿಜೆ-3ಬಿ. ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊದಲ್ಲಿದ್ದ ವಿಲ್ಲೀಸ್ ಕಂಪನಿ ಈ ಮಾದರಿಯನ್ನು 1953ರಲ್ಲಿ ಹೊರತಂದಿತು. ಇನ್‌ಟೇಕ್ ವಾಲ್ವುಗಳನ್ನು ಹೆಡ್ಡಿಗೆ ಏರಿಸಿದ ಹರಿಕೇನ್ ಎಂಜಿನ್ ಹಳೆಯ ಎಂಜಿನ್‌ಗಿಂತ ಎತ್ತರವಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ದೂರದಿಂದಲೇ ಗುರುತು ಸಿಗುವ ಆ ಉಬ್ಬಿದ ಮುಖ ಬಂದದ್ದು ಹೀಗೆ. ಮಹೀಂದ್ರದವರು 1940ರ ದಶಕದ ಕೊನೆಯಲ್ಲೇ ಇಲ್ಲಿ ಜೀಪ್ ಜೋಡಣೆ ಆರಂಭಿಸಿದ್ದರು. ಅಮೆರಿಕದಲ್ಲಿ ಸಿಜೆ-3ಬಿ 1968ರಲ್ಲಿ ನಿಂತುಹೋದ ಮೇಲೂ ಭಾರತದಲ್ಲಿ ಅದರ ಸಂತತಿ ದಶಕಗಳ ಕಾಲ ಮುಂದುವರಿಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳು, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ರೋಗಿ ಎಲ್ಲವನ್ನೂ ಹೊತ್ತದ್ದು ಈ ಜೀಪುಗಳೇ. ಅವುಗಳಲ್ಲಿ ಬಹಳಷ್ಟು ಮುಂದೆ ಡೀಸೆಲ್ ಎಂಜಿನ್‌ಗೆ ಬದಲಾದವು. ಈ ಜೀಪಿನಲ್ಲಿ ಮಾತ್ರ ಮೂಲ ಪೆಟ್ರೋಲ್ ಎಂಜಿನ್ ಹಾಗೇ ಉಳಿದಿತ್ತು. ಸಾಹುಕಾರರ ತಂದೆಯ ಕಾಲದ ಗಾಡಿ ಅದು, ಈಗಲೂ ವಾರಕ್ಕೆರಡು ಸಲ ಪೇಟೆಗೆ ಇಳಿಯುತ್ತದೆ.

ಇದರಲ್ಲಿರುವುದು ರಾಸ್ ಕಂಪನಿಯ ವಿನ್ಯಾಸದ ಕ್ಯಾಮ್ ಮತ್ತು ಲಿವರ್ ಮಾದರಿಯ ಸ್ಟೀರಿಂಗ್ ಬಾಕ್ಸ್. ಅಂಬಾಸಡರ್ ಕಾರಿನಲ್ಲಿರುವುದು ರ‍್ಯಾಕ್ ಮತ್ತು ಪಿನಿಯನ್, ಹಳೆಯ ಬೆಂಜ್ ಕಾರುಗಳಲ್ಲಿರುವುದು ಗುಂಡುಗಳು ಉರುಳುತ್ತಾ ಸುತ್ತಿ ಬರುವ ರಿಸರ್ಕ್ಯುಲೇಟಿಂಗ್ ಬಾಲ್ ವ್ಯವಸ್ಥೆ. ರಾಸ್ ಬಾಕ್ಸಿನ ಕ್ರಮವೇ ಬೇರೆ. ಸ್ಟೀರಿಂಗ್ ಚಕ್ರದಿಂದ ಇಳಿದುಬರುವ ಕೊಳವೆಯ ತುದಿಗೆ ಸುರುಳಿ ಕಾಲುವೆ ಕೊರೆದ ಉಕ್ಕಿನ ಕ್ಯಾಮ್ ಇದೆ. ಅದಕ್ಕೆ ಅಡ್ಡಲಾಗಿ ಇನ್ನೊಂದು ಶಾಫ್ಟ್. ಆ ಶಾಫ್ಟಿನ ಒಳತುದಿಯ ಲಿವರ್‌ನಲ್ಲಿ ಎರಡು ಪಿನ್ನುಗಳಿದ್ದು, ಅವುಗಳ ಮೂತಿ ತುದಿಯತ್ತ ಸಣ್ಣಗಾಗುತ್ತದೆ. ಆ ಮೂತಿಗಳು ಕ್ಯಾಮಿನ ಕಾಲುವೆಯೊಳಗೆ ಕೂತಿರುತ್ತವೆ. ಚಕ್ರ ತಿರುಗಿಸಿದರೆ ಕಾಲುವೆ ಪಿನ್ನುಗಳನ್ನು ತಳ್ಳುತ್ತದೆ, ಲಿವರ್ ಹೊರಳುತ್ತದೆ, ಶಾಫ್ಟಿನ ಹೊರತುದಿಯ ಡ್ರಾಪ್ ಆರ್ಮ್ ಎಂಬ ತೋಳು ಆಡುತ್ತದೆ. ಅಲ್ಲಿಂದ ಮುಂದೆ ಡ್ರ್ಯಾಗ್ ಲಿಂಕ್ ಎಂಬ ಸರಳು, ಆ ಚಲನೆಯ ದಿಕ್ಕು ಬದಲಿಸಿ ದಾಟಿಸುವ ಬೆಲ್ ಕ್ರ್ಯಾಂಕ್, ಗಾಲಿಗಳನ್ನು ತಿರುಗಿಸುವ ಟೈ ರಾಡುಗಳು, ಕೊನೆಗೆ ಗಾಲಿಗಳು. ಗೇರಿಂಗ್ ಅನುಪಾತ ನಡುವೆ 12:1, ಎರಡೂ ತುದಿಗಳಲ್ಲಿ 14:1.

ಈ ವಿನ್ಯಾಸದಲ್ಲಿ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು. ಮೊದಲನೆಯದು, ಪಿನ್ನು ಕಾಲುವೆಯ ಗೋಡೆಗೆ ಒತ್ತಿಕೊಂಡು ಜಾರುತ್ತದೆ, ಉರುಳುವುದಿಲ್ಲ. ಉರುಳುವ ಕಡೆ ಎಣ್ಣೆ ಸ್ವಲ್ಪ ಕಡಿಮೆಯಾದರೂ ಲೋಹ ಸಹಿಸಿಕೊಳ್ಳುತ್ತದೆ. ಜಾರುವ ಕಡೆ ಹಾಗಾಗುವುದಿಲ್ಲ. ಎರಡನೆಯದು, ಕಾಲುವೆಯನ್ನು ಉದ್ದೇಶಪೂರ್ವಕವಾಗಿಯೇ ನಡುಭಾಗದಲ್ಲಿ ತುಸು ಕಿರಿದಾಗಿ ಕೊರೆದಿದ್ದಾರೆ. ಗಾಡಿ ಹೆಚ್ಚು ಹೊತ್ತು ಓಡುವುದು ನೇರವಾಗಿ, ಸವೆತ ಹೆಚ್ಚಾಗುವುದೂ ಅಲ್ಲೇ. ನಡುವೆ ಬಿಗಿ, ತುದಿಗಳಲ್ಲಿ ಸಡಿಲ ಇದ್ದರೆ ಮುಂದೆ ಪ್ಲೇ (ಚಕ್ರ ತಿರುಗಿಸಿದರೂ ಗಾಲಿ ತಿರುಗದ ಸಡಿಲ ಆಟ) ತೆಗೆಯಲು ಪಿನ್ನುಗಳನ್ನು ಒಳಕ್ಕೆ ತಳ್ಳಿದಾಗ ತುದಿಗಳಲ್ಲಿ ಹಿಡಿದುಕೊಳ್ಳುವುದಿಲ್ಲ. ಹೀಗೆ ತಳ್ಳುವುದಕ್ಕೆಂದೇ ಪಕ್ಕದ ಮುಚ್ಚಳದಲ್ಲಿ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇದೆ. ಈ ಪ್ರಕರಣ ಇಷ್ಟು ಬೆಳೆಯಲು ಆ ಸ್ಕ್ರೂ ಕೂಡ ಕಾರಣವಾಯಿತು.

ದೂರು

ಸಾಹುಕಾರರು ಹೇಳಿದ್ದು ಇಷ್ಟು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಎರಡೂ ಕೈಯಲ್ಲಿ ಎಳೆದು ತರಬೇಕು. ನೇರ ರಸ್ತೆಯಲ್ಲಿ ಮಾತ್ರ ಗಾಡಿ ಆಚೀಚೆ ಅಲೆಯುತ್ತದೆ. ಮೊದಲು ಪ್ಲೇ ಹೆಚ್ಚಿತ್ತು. ಒಂದು ಗ್ಯಾರೇಜಿನಲ್ಲಿ ಬಿಗಿ ಮಾಡಿಸಿದ ಮೇಲೆ ಪ್ಲೇ ಕಡಿಮೆಯಾಯಿತು, ಆದರೆ ಸ್ಟೀರಿಂಗ್ ಭಾರವಾಯಿತು. ಜೊತೆಗೆ ಬಂದಿದ್ದ ಡ್ರೈವರ್ ಇನ್ನೂ ಒಂದು ಮಾತು ಸೇರಿಸಿದರು: "ಮಳೆಗಾಲದಲ್ಲಿ ಇನ್ನೂ ಭಾರ ಅಣ್ಣ, ಬೆಳಿಗ್ಗೆ ಮೊದಲ ಸಲ ತಿರುಗಿಸುವಾಗ ಒಳಗೆ ಮರಳು ಅರೆದ ಹಾಗೆ ಸದ್ದು ಬರುತ್ತದೆ."

ಡ್ರೈವರ್ ಹೇಳಿದ ಆ ಮಾತಿಗೆ ಬೆಲೆ ಬಹಳ. ಭಾರಕ್ಕೆ ಹತ್ತು ಕಾರಣಗಳಿರಬಹುದು. ಟಯರಿನ ಗಾಳಿ ಕಡಿಮೆ, ಕಿಂಗ್ ಪಿನ್ ಬೇರಿಂಗ್ ಹಿಡಿದಿರುವುದು, ಟೈ ರಾಡಿನ ತುದಿಗಳು ಒಣಗಿರುವುದು, ಬೆಲ್ ಕ್ರ್ಯಾಂಕಿನ ಸೂಜಿ ಬೇರಿಂಗುಗಳು ತುಕ್ಕು ಹಿಡಿದಿರುವುದು. ಆದರೆ ಕೈಗೆ ತಿಳಿಯುವಂತೆ ಗರಗರ ಎನ್ನುವ ಸ್ಟೀರಿಂಗಿನಲ್ಲಿ ದೋಷ ಸಾಮಾನ್ಯವಾಗಿ ಸ್ಟೀರಿಂಗ್ ಚಕ್ರಕ್ಕೆ ಹತ್ತಿರದಲ್ಲೇ ಇರುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಿದ್ದು

ಬಾಕ್ಸಿಗೆ ಕೈ ಹಾಕುವ ಮೊದಲು ಅದು ನಿಜವಾಗಿಯೂ ಬಾಕ್ಸಿನದೇ ದೋಷವೇ ಎಂದು ತಿಳಿಯಬೇಕು. ಮುಂದಿನ ಆಕ್ಸಲನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಗಾಲಿಗಳು ನೆಲ ಬಿಟ್ಟ ಮೇಲೂ ಸ್ಟೀರಿಂಗ್ ಹೆಚ್ಚೇನೂ ಹಗುರವಾಗಲಿಲ್ಲ. ಅಲ್ಲಿಗೆ ಟಯರ್ ಮತ್ತು ಗಾಳಿಯ ಅನುಮಾನ ಹೋಯಿತು. ನಂತರ ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕನ್ನು ಬಿಡಿಸಿದೆವು. ಇದು ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಲಿಂಕ್ ಬಿಡಿಸಿದರೆ ಸ್ಟೀರಿಂಗ್ ಎರಡು ಪಾಲಾಗುತ್ತದೆ. ಒಂದು ಕಡೆ ಚಕ್ರ, ಅದರಿಂದ ಇಳಿಯುವ ಕೊಳವೆ ಅಂದರೆ ಕಾಲಮ್, ಬಾಕ್ಸ್. ಇನ್ನೊಂದು ಕಡೆ ಬೆಲ್ ಕ್ರ್ಯಾಂಕ್, ರಾಡುಗಳು, ಗಾಲಿಗಳು.

ಗಾಲಿಯನ್ನು ಹಿಡಿದು ಆಚೀಚೆ ತಿರುಗಿಸಿದರೆ ಎಲ್ಲವೂ ಸರಾಗವಾಗಿ ತಿರುಗಿತು. ಬೆಲ್ ಕ್ರ್ಯಾಂಕ್ ಮಾತ್ರ ಮೇಲೆ ಕೆಳಗೆ ಸ್ವಲ್ಪ ಕುಣಿಯುತ್ತಿತ್ತು. ನೇರ ರಸ್ತೆಯಲ್ಲಿ ಗಾಡಿ ಅಲೆಯುವುದರಲ್ಲಿ ಅದರ ಪಾಲು ಸ್ಪಷ್ಟ. ಅಂದರೆ ಹಿಂದಿನ ಗ್ಯಾರೇಜಿನಲ್ಲಿ ಬಾಕ್ಸಿನ ಸ್ಕ್ರೂ ಬಿಗಿ ಮಾಡಿ ತೆಗೆದ ಪ್ಲೇಯಲ್ಲಿ ಒಂದಷ್ಟು ಬಾಕ್ಸಿನದಾಗಿರಲೇ ಇಲ್ಲ. ಬೆಲ್ ಕ್ರ್ಯಾಂಕಿನ ಸಡಿಲವನ್ನು ಬಾಕ್ಸಿನಲ್ಲಿ ಸರಿಪಡಿಸಲು ಹೊರಟಿದ್ದರು.

ಲಿಂಕ್ ಇಲ್ಲದೆ ಸ್ಟೀರಿಂಗ್ ಚಕ್ರವನ್ನು ತಿರುಗಿಸಿ ನೋಡಿದಾಗ ಚಿತ್ರ ಪೂರ್ತಿಯಾಯಿತು. ಯಾವ ಹೊರೆಯೂ ಇಲ್ಲದ ಬಾಕ್ಸ್ ಎರಡು ಬೆರಳಿನ ಹಿಡಿತಕ್ಕೆ ತಿರುಗಬೇಕು. ಇದನ್ನು ತಿರುಗಿಸಲು ಇಡೀ ಕೈ ಬೇಕಾಗಿತ್ತು. ನಡುಭಾಗದಲ್ಲಿ ಗರಗರ, ಎಡಕ್ಕೂ ಬಲಕ್ಕೂ ಅರ್ಧ ಸುತ್ತು ದಾಟಿದ ಮೇಲೆ ಬಿಗಿ. ನಡುವೆ ಬಿಗಿಯಿದ್ದು ತುದಿಗಳಲ್ಲಿ ಸಡಿಲವಿರಬೇಕಾದ ಬಾಕ್ಸ್ ಇಲ್ಲಿ ತಿರುಗುಮುರುಗಾಗಿತ್ತು. ಕಾಲುವೆಯ ನಡುಭಾಗ ಸವೆದಿದೆ, ಆ ಸವೆತವನ್ನು ಮುಚ್ಚಲು ಪಿನ್ನುಗಳನ್ನು ತುಂಬಾ ಒಳಕ್ಕೆ ತಳ್ಳಿದ್ದಾರೆ, ಸವೆಯದ ಭಾಗಕ್ಕೆ ಬಂದಾಗ ಅವು ಹಿಡಿಯುತ್ತಿವೆ ಎಂದು ಇದರ ಅರ್ಥ.

ಡ್ಯಾಶ್‌ಬೋರ್ಡಿಗೆ ಕಾಲಮ್ ಹಿಡಿಸಿದ ಕ್ಲ್ಯಾಂಪನ್ನು ಸಡಿಲಿಸಿ ಮತ್ತೊಮ್ಮೆ ತಿರುಗಿಸಿದೆವು. ತುಸು ಹಗುರವಾಯಿತು. ಬಾಕ್ಸ್ ಚಾಸಿಗೆ ಬಿಗಿಯಾಗಿರುತ್ತದೆ, ಕಾಲಮಿನ ಮೇಲ್ತುದಿ ಬಾಡಿಗೆ ಬಿಗಿಯಾಗಿರುತ್ತದೆ. ಎರಡೂ ಒಂದೇ ಗೆರೆಯಲ್ಲಿಲ್ಲದಿದ್ದರೆ ಕಾಲಮ್ ಬಾಗಿಕೊಂಡೇ ತಿರುಗುತ್ತಿರುತ್ತದೆ. ಅರುವತ್ತು ವರ್ಷ ತೋಟದ ದಾರಿಯಲ್ಲಿ ಕುಲುಕಿದ ಬಾಡಿ ಅಲ್ಲಾಡದೆ ಇರುವುದಾದರೂ ಹೇಗೆ.

ಮುಚ್ಚಳ ತೆಗೆದಾಗ

ಬಾಕ್ಸನ್ನು ಹೊರಗಿನಿಂದ ನೋಡಿದಾಗಲೇ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಎಣ್ಣೆ ತುಂಬುವ ರಂಧ್ರದ ಪ್ಲಗ್ಗಿನ ಜಾಗದಲ್ಲಿ, ಗ್ರೀಸ್ ಗನ್ ಹಿಡಿಯುವ ಮೂತಿ ಅಂದರೆ ಗ್ರೀಸ್ ನಿಪ್ಪಲ್ ಇತ್ತು. ಯಾರೋ ಪ್ಲಗ್ ತೆಗೆದು, ಅಡಾಪ್ಟರ್ ಮಾಡಿಸಿ, ನಿಪ್ಪಲ್ ಕೂರಿಸಿದ್ದರು. ಪ್ರತಿ ಸರ್ವಿಸ್‌ನಲ್ಲೂ ಉಳಿದ ನಿಪ್ಪಲ್‌ಗಳ ಜೊತೆ ಇದಕ್ಕೂ ಗನ್ ಹಿಡಿದಿದ್ದಾರೆ.

ಕೈಯಲ್ಲಿ ಒತ್ತುವ ಸಾಮಾನ್ಯ ಗ್ರೀಸ್ ಗನ್ ಕೂಡ ಸಾವಿರಾರು ಪಿ.ಎಸ್.ಐ. (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಹುಟ್ಟಿಸಬಲ್ಲದು. ಟೈ ರಾಡಿನಂಥ ಕಡೆ ಹಳೆಯ ಗ್ರೀಸನ್ನು ಹೊರಗೆ ತಳ್ಳಲು ಆ ಒತ್ತಡ ಬೇಕು. ಆದರೆ ಸ್ಟೀರಿಂಗ್ ಬಾಕ್ಸ್ ಮುಚ್ಚಿದ ಗೂಡು. ಒಳಗೆ ನುಗ್ಗಿದ ಗ್ರೀಸಿಗೆ ಹೊರಬರಲು ಎರಡೇ ದಾರಿ: ಡ್ರಾಪ್ ಆರ್ಮ್ ಬಳಿ ಎಣ್ಣೆ ತಡೆಯುವ ಬಳೆಯಾದ ಆಯಿಲ್ ಸೀಲ್, ಇಲ್ಲವೇ ಕಾಲಮಿನ ಕೊಳವೆ. ಇಲ್ಲಿ ಎರಡೂ ಕಡೆ ನುಗ್ಗಿತ್ತು. ಸೀಲಿನ ತುಟಿ ಮಡಚಿ ಹೊರಮುಖವಾಗಿತ್ತು. ಕಾಲಮಿನ ಹೊರಕೊಳವೆಯೊಳಗೆ ಗೇಣುದ್ದ ಗ್ರೀಸ್ ಏರಿ ಗಟ್ಟಿಯಾಗಿತ್ತು. ಸೋರುತ್ತದೆ ಎಂದು ಗ್ರೀಸ್ ಹೊಡೆದದ್ದು, ಗ್ರೀಸ್ ಹೊಡೆದು ಸೀಲ್ ಪೂರ್ತಿ ಹಾಳಾದದ್ದು, ಸೀಲ್ ಹಾಳಾದ ಮೇಲೆ ಎಣ್ಣೆ ಹಾಕಲು ಆಗದೇ ಹೋದದ್ದು. ಕೆಲಸ ಹೀಗೆ ಒಂದರ ಹಿಂದೊಂದು ಕೆಟ್ಟಿತ್ತು.

ಬಾಕ್ಸನ್ನು ಇಳಿಸಿ ಬೆಂಚಿನ ಮೇಲಿಟ್ಟು ಪಕ್ಕದ ಮುಚ್ಚಳ ತೆಗೆದೆವು. ಒಳಗೆ ಗ್ರೀಸ್ ಭರ್ತಿಯಾಗಿತ್ತು. ಸಾಹುಕಾರರು ಇಣುಕಿ ನೋಡಿ, "ಇಷ್ಟೊಂದು ಗ್ರೀಸ್ ಇದೆಯಲ್ಲ, ಮತ್ತೆ ಒಣಗಿದೆ ಅನ್ನುತ್ತೀರಲ್ಲ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಕ್ರೂಡ್ರೈವರಿನಿಂದ ಗ್ರೀಸನ್ನು ಪಕ್ಕಕ್ಕೆ ಸರಿಸಿ ಕ್ಯಾಮನ್ನು ತೋರಿಸಿದೆ. ಪಿನ್ನು ಓಡಾಡುವ ದಾರಿಯಷ್ಟೂ ಬರಿದಾಗಿತ್ತು. ತಣ್ಣಗಾಗಿ ಹೆಪ್ಪುಗಟ್ಟಿದ ತುಪ್ಪದಲ್ಲಿ ಚಮಚ ಎಳೆದರೆ ಗೆರೆ ಹಾಗೇ ನಿಲ್ಲುವಂತೆ, ಪಿನ್ನು ತಳ್ಳಿದ ಗ್ರೀಸ್ ಎರಡೂ ಬದಿಗೆ ಗೋಡೆಯಾಗಿ ನಿಂತಿತ್ತು. ವಾಪಸ್ ಬಂದು ಕಾಲುವೆ ತುಂಬಿಯೇ ಇರಲಿಲ್ಲ. ಕಾಲುವೆಯ ನಡುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರಾಚೆಗೆ ಕೆಂಪು ತುಕ್ಕಿನ ಪುಡಿ. ಡ್ರೈವರ್ ಕೇಳಿದ ಮರಳಿನ ಸದ್ದು ಈ ಪುಡಿಯದು.

ಒಂದು ಪಿನ್ನಿನ ಮೂತಿಯಲ್ಲಿ ಸಣ್ಣದೊಂದು ಮಟ್ಟಸ ಮುಖ ಮೂಡಿತ್ತು. ದುಂಡಗಿರಬೇಕಾದ ಜಾಗವದು. ಬೆರಳಿನ ಉಗುರು ಎಳೆದರೆ ಅಂಚು ತಾಗುತ್ತಿತ್ತು. ಇನ್ನೊಂದು ಪಿನ್ನು ಪರವಾಗಿಲ್ಲ. ಬಾಕ್ಸಿನ ತಳದಲ್ಲಿ ಗ್ರೀಸಿನ ಕೆಳಗೆ ಬೂದು ಬಣ್ಣದ ಲೋಳೆ ಇತ್ತು, ಅದು ನೀರು ಕಲಸಿದ ಗ್ರೀಸ್. ಕ್ಯಾಮಿನ ಕೆಳತುದಿಯ ಬಾಲ್ ಬೇರಿಂಗ್ ಆ ಲೋಳೆಯಲ್ಲೇ ಮುಳುಗಿ ಚುಕ್ಕೆ ಚುಕ್ಕೆಯಾಗಿ ತುಕ್ಕು ತಿಂದಿತ್ತು. ಮೇಲ್ತುದಿಯ ಬೇರಿಂಗ್ ಹೊಸದರ ಹಾಗೆ ಇತ್ತು.

ನೀರು ಎಲ್ಲಿಂದ ಬಂತು? ತೆರೆದ ಜೀಪು, ಮಲೆನಾಡಿನ ಮಳೆ, ಕಾಲಮಿನ ಮೇಲ್ತುದಿಯಿಂದ ಹನಿಹನಿಯಾಗಿ ಇಳಿದಿರಬಹುದು. ಹಳ್ಳ ದಾಟುವಾಗ ಹಾಳಾದ ಸೀಲಿನಿಂದಲೂ ನುಗ್ಗಿರಬಹುದು. ನನ್ನ ಪ್ರಕಾರ ಎರಡೂ ನಡೆದಿವೆ. ಬಾಕ್ಸಿನಲ್ಲಿ ಎಣ್ಣೆ ಇದ್ದಿದ್ದರೆ ಒಳಬಂದ ನೀರು ಪ್ಲಗ್ ತೆಗೆದು ನೋಡಿದಾಗ ಬಿಳಿಚಿದ ಎಣ್ಣೆಯಾಗಿ ಕಂಡುಬರುತ್ತಿತ್ತು, ಬದಲಾಯಿಸುತ್ತಿದ್ದರು. ಗ್ರೀಸ್ ಅದನ್ನು ತಳದಲ್ಲಿ ಮುಚ್ಚಿಟ್ಟುಕೊಂಡಿತು.

ಗ್ರೀಸ್ ಏಕೆ ಕೆಲಸ ಮಾಡಲಿಲ್ಲ

ಗ್ರೀಸಿನ ಬಹುಪಾಲು ಎಣ್ಣೆಯೇ. ಲಿಥಿಯಂ, ಕ್ಯಾಲ್ಸಿಯಂ ಮುಂತಾದ ಲೋಹಗಳ ಸಾಬೂನಿನ ನಾರಿನ ಜಾಲ ಆ ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಜಾರಿಸುವ ಕೆಲಸ ಎಣ್ಣೆಯದು, ಹಿಡಿದಿಡುವ ಕೆಲಸ ಸಾಬೂನಿನದು. ಗ್ರೀಸ್ ಎಷ್ಟು ಗಟ್ಟಿ ಎಂಬುದನ್ನು ಎನ್‌ಎಲ್‌ಜಿಐ ಸಂಖ್ಯೆಯಿಂದ ಗುರುತಿಸುತ್ತಾರೆ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಶಂಕುವನ್ನು 5 ಸೆಕೆಂಡು ಗ್ರೀಸಿನ ಮೇಲೆ ಬಿಟ್ಟು, ಅದು ಎಷ್ಟು ಆಳ ಇಳಿಯಿತು ಎಂದು ಮಿಲಿಮೀಟರಿನ ಹತ್ತನೇ ಒಂದರಲ್ಲಿ ಅಳೆಯುತ್ತಾರೆ. ವೀಲ್ ಬೇರಿಂಗಿಗೆ ಹಾಕುವ 2ನೇ ಸಂಖ್ಯೆಯ ಗ್ರೀಸಿನಲ್ಲಿ ಅದು 265ರಿಂದ 295ರವರೆಗೆ ಇಳಿಯುತ್ತದೆ. 00 ಸಂಖ್ಯೆಯದರಲ್ಲಿ 400ರಿಂದ 430. ಮೊದಲನೆಯದು ಇಟ್ಟ ಜಾಗದಲ್ಲಿ ನಿಲ್ಲುತ್ತದೆ, ಎರಡನೆಯದು ನಿಧಾನವಾಗಿ ಹರಿಯುತ್ತದೆ.

ವೀಲ್ ಬೇರಿಂಗ್ ವೇಗವಾಗಿ ಸುತ್ತುತ್ತದೆ, ಬಿಸಿಯಾಗುತ್ತದೆ, ಗ್ರೀಸಿನಿಂದ ಎಣ್ಣೆ ಜಿನುಗಿ ರೋಲರುಗಳಿಗೆ ಸಿಗುತ್ತದೆ. ಸ್ಟೀರಿಂಗ್ ಬಾಕ್ಸಿನಲ್ಲಿ ಅದಾವುದೂ ಇಲ್ಲ. ನಿಧಾನದ ಚಲನೆ, ಆಚೆ ಅರ್ಧ ಸುತ್ತು ಈಚೆ ಅರ್ಧ ಸುತ್ತು, ಹೆಚ್ಚೇನೂ ಏರದ ಉಷ್ಣತೆ. ಒಮ್ಮೆ ಪಕ್ಕಕ್ಕೆ ಸರಿದ ಗ್ರೀಸನ್ನು ವಾಪಸ್ ಕರೆತರುವ ಶಕ್ತಿ ಅಲ್ಲಿ ಯಾವುದೂ ಇಲ್ಲ. ಎಣ್ಣೆಯಾದರೆ ತನ್ನ ಭಾರಕ್ಕೇ ಹರಿದು ಬಂದು ಕಾಲುವೆ ತುಂಬುತ್ತದೆ. ಈ ಬಾಕ್ಸುಗಳಿಗೆ ಕಪ್ ಗ್ರೀಸ್, ಗ್ರ್ಯಾಫೈಟ್, ಬಿಳಿ ಸೀಸದಂಥ ಗಟ್ಟಿ ಪದಾರ್ಥ ಹಾಕಬೇಡಿ ಎಂದು ವಿಲ್ಲೀಸ್‌ನ ಹಳೆಯ ಸರ್ವಿಸ್ ಕೈಪಿಡಿಗಳು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಆ ಎಚ್ಚರಿಕೆ ಏಳು ದಶಕಗಳಷ್ಟು ಹಳೆಯದು, ನಮ್ಮ ಗ್ಯಾರೇಜುಗಳನ್ನು ಮಾತ್ರ ಇನ್ನೂ ತಲುಪಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಇನ್ನೊಂದು ತೊಂದರೆಯೂ ಇತ್ತು. ಒಳಗಿದ್ದದ್ದು ಒಂದೇ ಗ್ರೀಸ್ ಅಲ್ಲ. ಹಳದಿ, ಕಂದು, ಕಪ್ಪು, ಹೀಗೆ ಆಯಾ ಕಾಲದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದ್ದರು. ಬೇರೆ ಬೇರೆ ಸಾಬೂನಿನ ಗ್ರೀಸುಗಳು ಬೆರೆತಾಗ ಕೆಲವು ನೀರಾಗುತ್ತವೆ, ಕೆಲವು ಗಟ್ಟಿಯಾಗುತ್ತವೆ. ವರ್ಷಗಟ್ಟಲೆ ನಿಂತ ಗ್ರೀಸಿನಲ್ಲಿ ಎಣ್ಣೆ ಜಿನುಗಿ ಹೋಗಿ ಬರೀ ಸಾಬೂನು ಮೇಣದಂತೆ ಉಳಿಯುತ್ತದೆ. ಮೂಲೆಗಳಲ್ಲಿ ನಾವು ಚೂರಿಯಿಂದ ಕೆತ್ತಿ ತೆಗೆದದ್ದು ಅದನ್ನೇ.

ಏನು ಹಾಕುವುದು ಎಂಬ ಚರ್ಚೆ

ಸಾಹುಕಾರರ ಮನಸ್ಸು ಗ್ರೀಸಿನ ಕಡೆಗೇ ಇತ್ತು. ತೋಟದಲ್ಲಿ ಎಣ್ಣೆ ಮಟ್ಟ ನೋಡುತ್ತಾ ಕೂರುವವರು ಯಾರು ಎಂಬುದು ಅವರ ಪ್ರಶ್ನೆ. ಅದನ್ನು ತಳ್ಳಿಹಾಕುವಂತಿಲ್ಲ. ಎಣ್ಣೆ ಪೂರ್ತಿ ಸೋರಿಹೋದ ಬಾಕ್ಸಿಗಿಂತ ಅರೆದ್ರವ ಗ್ರೀಸ್ ಇರುವ ಬಾಕ್ಸ್ ಎಷ್ಟೋ ಮೇಲು. ಶಾಫ್ಟ್ ಮತ್ತು ಅದು ಕೂರುವ ಬಳೆ ಅಂದರೆ ಬುಶ್ ಎರಡೂ ಸವೆದು ಯಾವ ಸೀಲೂ ನಿಲ್ಲದ ಗಾಡಿಗಳಿಗೆ ನಾನೇ 00 ಗ್ರೀಸ್ ಸೂಚಿಸುತ್ತೇನೆ. ಅದು ಕಾಲುವೆಗೆ ಮರಳಿ ಹರಿಯುತ್ತದೆ, ಸೀಲಿನ ಸಂದಿನಿಂದ ಮಾತ್ರ ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಈ ಬಾಕ್ಸನ್ನು ಪೂರ್ತಿ ಬಿಚ್ಚಿ ಆಗಿತ್ತು. ಸೀಲನ್ನೇ ಸರಿಮಾಡಬಹುದಾದಾಗ ರಾಜಿ ಏಕೆ?

ಹಾಗಾಗಿ ಗೇರ್ ಎಣ್ಣೆ ಎಂದು ತೀರ್ಮಾನವಾಯಿತು. ಎಣ್ಣೆ ಎಷ್ಟು ದಪ್ಪ ಎಂದು ಹೇಳುವ ಎಸ್‌ಎಇ ಸಂಖ್ಯೆ 90 ಇರಬೇಕೇ, 140 ಇರಬೇಕೇ ಎಂಬುದು ಮುಂದಿನ ಪ್ರಶ್ನೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 90 ಎಣ್ಣೆಯ ಸ್ನಿಗ್ಧತೆ ಕನಿಷ್ಠ 13.5 ಸೆಂಟಿಸ್ಟೋಕ್ಸ್ ಇರಬೇಕು, 140ರದು ಕನಿಷ್ಠ 24. ಚಳಿ ದೇಶಗಳಲ್ಲಿ 140 ಬೆಳಗಿನ ಹೊತ್ತು ತೀರಾ ಗಟ್ಟಿಯಾಗುತ್ತದೆ. ಮೂಡಿಗೆರೆಯ ಚಳಿ ಅಂಥದ್ದಲ್ಲ. ಸವೆದ ಕಾಲುವೆಗೆ, ಹಳೆಯ ಬುಶ್‌ಗೆ ದಪ್ಪ ಎಣ್ಣೆಯೇ ಒಳ್ಳೆಯದು. ಟ್ರ್ಯಾಕ್ಟರುಗಳ ಕಾರಣದಿಂದ 140 ನಮ್ಮ ಯಾವ ತಾಲ್ಲೂಕು ಪೇಟೆಯಲ್ಲೂ ಸಿಗುತ್ತದೆ, ತೋಟದವರಿಗೆ ಅದೂ ಅನುಕೂಲ.

ಜಾರುವ ಚಲನೆ ಇಷ್ಟು ನಿಧಾನವಾಗಿದ್ದಾಗ ಲೋಹಗಳ ನಡುವೆ ಎಣ್ಣೆಯ ಪೂರ್ಣ ಪದರ ನಿಲ್ಲುವುದಿಲ್ಲ. ಅಲ್ಲಿ ರಕ್ಷಣೆ ಕೊಡುವುದು ಎಣ್ಣೆಯಲ್ಲಿರುವ ಗಂಧಕ ಮತ್ತು ರಂಜಕದ ಇಪಿ (ತೀವ್ರ ಒತ್ತಡ ತಡೆಯುವ) ಸೇರ್ಪಡೆಗಳು. ಆದ್ದರಿಂದ ಇಪಿ ಎಣ್ಣೆಯೇ ಬೇಕು. ಆದರೆ ಶಾಫ್ಟ್ ಕೂರುವ ಬುಶ್‌ಗಳು ಕಂಚಿನವು, ಆ ಸೇರ್ಪಡೆ ಹೆಚ್ಚಾದರೆ ತಾಮ್ರದ ಮಿಶ್ರಲೋಹಕ್ಕೆ ಆಗುವುದಿಲ್ಲ. ಗೇರ್ ಎಣ್ಣೆಗಳಿಗೆ ಜಿಎಲ್ ಎಂಬ ದರ್ಜೆಗಳಿವೆ; ಜಿಎಲ್-5 ಎಣ್ಣೆಯಲ್ಲಿ ಇರುವುದರ ಸುಮಾರು ಅರ್ಧದಷ್ಟು ಸೇರ್ಪಡೆ ಜಿಎಲ್-4ರಲ್ಲಿ ಇರುತ್ತದೆ. ಸ್ಟೀರಿಂಗ್ ಬಾಕ್ಸಿನಂಥ ತಣ್ಣನೆಯ ಜಾಗದಲ್ಲಿ ಜಿಎಲ್-5 ಕೂಡ ತಕ್ಷಣ ಹಾನಿ ಮಾಡಲಾರದು. ಆದರೂ ಅದರ ಅಗತ್ಯವೇ ಇಲ್ಲದ ಕಡೆ ಹಾಕುವುದೇಕೆ ಎಂದು ಜಿಎಲ್-4 ದರ್ಜೆಯ 140 ಆರಿಸಿದೆವು.

ಕೆಲಸ

ಸೀಮೆಎಣ್ಣೆಯಲ್ಲಿ ನೆನೆಸಿ, ಕೆತ್ತಿ, ಬ್ರಶ್ ಹಾಕಿ, ಮತ್ತೆ ತೊಳೆದು, ಗಾಳಿ ಹೊಡೆದು ಒಣಗಿಸಿದೆವು. ಬಾಕ್ಸಿಗಿಂತ ಹೆಚ್ಚು ಶ್ರಮ ಬೇಡಿದ್ದು ಕಾಲಮಿನ ಕೊಳವೆ. ಅಲ್ಲಿ ಉಳಿದ ಗ್ರೀಸ್ ಮುಂದೆ ಇಳಿದು ಹೊಸ ಎಣ್ಣೆಗೆ ಸೇರುತ್ತದೆ ಎಂಬ ಕಾರಣಕ್ಕೆ ಉದ್ದದ ಸರಳಿಗೆ ಬಟ್ಟೆ ಸುತ್ತಿ ಅದು ಬಿಳಿಯಾಗಿ ಹೊರಬರುವ ತನಕ ಎಳೆದಾಡಿದೆವು.

ಡ್ರಾಪ್ ಆರ್ಮ್ ಬಗ್ಗೆ ಒಂದು ಮಾತು. ಅದು ಶಾಫ್ಟಿನ ಹಲ್ಲುಗಳ ಮೇಲೆ ಬಿಗಿಯಾಗಿ ಕೂತಿರುತ್ತದೆ, ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಏಟು ಕೊಟ್ಟರೆ ಅದು ಶಾಫ್ಟಿನ ಮೂಲಕ ನೇರ ಪಿನ್ನು ಮತ್ತು ಕ್ಯಾಮಿಗೆ ತಾಗುತ್ತದೆ. ಬಿಚ್ಚುವ ಮೊದಲು ಆರ್ಮ್ ಮತ್ತು ಶಾಫ್ಟಿನ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಒಂದು ಹಲ್ಲು ತಪ್ಪಿ ಕೂತರೂ ಗಾಡಿ ನೇರ ಹೋಗುವಾಗ ಬಾಕ್ಸ್ ತನ್ನ ನಡುಭಾಗದಲ್ಲಿರುವುದಿಲ್ಲ, ಆಮೇಲೆ ಮಾಡಿದ ಅಡ್ಜಸ್ಟ್‌ಮೆಂಟ್ ಎಲ್ಲವೂ ವ್ಯರ್ಥ.

ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ತುಕ್ಕಿನ ಸಣ್ಣ ಗುಳಿಗಳಿದ್ದವು. ಹೊಸ ಸೀಲ್ ಹಾಕಿ ಸುಮ್ಮನಾಗುವುದು ಇಂಥ ಕಡೆಯೇ ಕೈಕೊಡುವುದು, ಗುಳಿಯ ಅಂಚು ಸೀಲಿನ ತುಟಿಯನ್ನು ಕತ್ತರಿಸುತ್ತದೆ. ನುಣುಪು ಎಮರಿ ಕಾಗದವನ್ನು ಶಾಫ್ಟಿನ ಸುತ್ತ ತಿರುಗಿಸಿ ಉಜ್ಜಿದೆವು. ಉದ್ದಕ್ಕೆ ಉಜ್ಜಿದರೆ ಗೀರುಗಳೇ ಎಣ್ಣೆಗೆ ಕಾಲುವೆಯಾಗುತ್ತವೆ. ಗುಳಿಗಳು ಪೂರ್ತಿ ಹೋಗಲಿಲ್ಲ, ಅಂಚುಗಳು ಮಾತ್ರ ಸತ್ತವು. ಸೀಲನ್ನು ಹಿಂದಿನ ಜಾಗಕ್ಕಿಂತ ಒಂದೆರಡು ಮಿಲಿಮೀಟರ್ ಒಳಗೆ ಕೂರಿಸಲು ಅವಕಾಶವಿತ್ತು. ತುಟಿ ಸವೆಯದ ಜಾಗಕ್ಕೆ ತಾಗುವಂತೆ ಹಾಗೇ ಕೂರಿಸಿದೆವು. ಹೊಸ ಬುಶ್‌ಗಳನ್ನು ಒತ್ತಿ, ರಂಧ್ರವನ್ನು ಅಳತೆಗೆ ತರುವ ರೀಮರ್ ಆಡಿಸಿ, ಶಾಫ್ಟ್ ಕೈಯಲ್ಲೇ ತಿರುಗುವಷ್ಟು ಸರಿ ಮಾಡಿದೆವು. ಸವೆದ ಬುಶ್ ಉಳಿಸಿಕೊಂಡು ಸೀಲ್ ಮಾತ್ರ ಬದಲಿಸಿದರೆ ಶಾಫ್ಟ್ ಕುಣಿದು ಆ ಸೀಲನ್ನೂ ತಿನ್ನುತ್ತದೆ. ಕೆಳಗಿನ ಬೇರಿಂಗ್ ಹೊಸದು. ಬೆಲ್ ಕ್ರ್ಯಾಂಕಿಗೂ ಹೊಸ ಸೂಜಿ ಬೇರಿಂಗ್ ಮತ್ತು ಶಾಫ್ಟ್ ಬಿತ್ತು.

ಜೋಡಿಸುವಾಗ ಕ್ರಮ ಮುಖ್ಯ. ಪಕ್ಕದ ಸ್ಕ್ರೂವನ್ನು ಪೂರ್ತಿ ಹಿಂದೆ ತಿರುಗಿಸಿ ಪಿನ್ನುಗಳನ್ನು ಕಾಲುವೆಯಿಂದ ಬಿಡಿಸಿ, ಮೊದಲು ಕ್ಯಾಮಿನ ಬೇರಿಂಗುಗಳನ್ನು ಸರಿಹೊಂದಿಸಬೇಕು. ಮೇಲಿನ ಮುಚ್ಚಳದ ಕೆಳಗಿರುವ ಶಿಮ್ಮುಗಳೆಂಬ ತೆಳು ಪದರಗಳನ್ನು ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಹೆಬ್ಬೆರಳು ತೋರುಬೆರಳಲ್ಲಿ ಚಕ್ರವನ್ನು ಹಗುರವಾಗಿ ಹಿಡಿದು ತಿರುಗಿಸಿದಾಗ ಕೊಂಚವೇ ಹಿಡಿತ ತಿಳಿಯಬೇಕು, ಮೇಲೆ ಕೆಳಗೆ ಆಟವಿರಬಾರದು. ಅದು ಮುಗಿದ ಮೇಲಷ್ಟೇ ಪಿನ್ನುಗಳ ಸರದಿ. ಚಕ್ರವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸುತ್ತಾ ಸ್ಕ್ರೂ ಒಳಕ್ಕೆ ಬಿಡುತ್ತಾ ಹೋಗಬೇಕು. ನಡುಭಾಗ ದಾಟುವಾಗ ಮಾತ್ರ ತೆಳುವಾದ ಎಳೆತ ಕೈಗೆ ತಿಳಿದರೆ ಅಲ್ಲಿಗೆ ನಿಲ್ಲಿಸಿ ಲಾಕ್ ನಟ್ ಬಿಗಿಯುವುದು. ನಡುಭಾಗ ಸವೆದ ಈ ಬಾಕ್ಸಿನಲ್ಲಿ ಹಾಗೆ ಮಾಡಲಾಗಲಿಲ್ಲ. ತುದಿಗಳ ಕಡೆ ಹಿಡಿಯದಂತೆ ನೋಡಿಕೊಂಡು, ನಡುವೆ ಸ್ವಲ್ಪ ಪ್ಲೇ ಉಳಿಸಿಯೇ ಲಾಕ್ ಮಾಡಿದೆವು. ಭಾರವಾದ ಸ್ಟೀರಿಂಗಿಗಿಂತ, ಗೊತ್ತಿದ್ದು ಬಿಟ್ಟ ಒಂದಿಷ್ಟು ಪ್ಲೇ ಘಾಟಿಯಲ್ಲಿ ಸುರಕ್ಷಿತ. ಸಾಹುಕಾರರಿಗೆ ಚಕ್ರ ಹಿಡಿಸಿ ಅದನ್ನು ತೋರಿಸಿಯೇ ಮುಂದುವರಿದೆವು.

ಬಾಕ್ಸನ್ನು ಚಾಸಿಗೆ ಕೂರಿಸಿ ಬೋಲ್ಟುಗಳನ್ನು ಸಡಿಲವಾಗಿಟ್ಟು, ಡ್ಯಾಶಿನ ಕ್ಲ್ಯಾಂಪನ್ನು ಕಾಲಮ್ ತಾನಾಗಿ ನಿಂತ ಜಾಗಕ್ಕೆ ಹೊಂದಿಸಿ, ಆಮೇಲೆ ಎಲ್ಲವನ್ನೂ ಬಿಗಿದೆವು. ನಿಪ್ಪಲ್ ತೆಗೆದು ಮೂಲ ಅಳತೆಯ ಪ್ಲಗ್ ಹಾಕಿದೆವು. ಎಣ್ಣೆಯನ್ನು ದೊಡ್ಡ ಸಿರಿಂಜಿನಲ್ಲಿ ನಿಧಾನವಾಗಿ ಬಿಡುತ್ತಾ, ನಡುನಡುವೆ ಚಕ್ರವನ್ನು ತುದಿಯಿಂದ ತುದಿಗೆ ತಿರುಗಿಸಿ ಗಾಳಿ ಹೊರಡಿಸಿದೆವು. ರಂಧ್ರದ ಅಂಚಿಗೆ ಬಂದಾಗ ಸುಮಾರು 200 ಮಿಲಿಲೀಟರ್ ಹಿಡಿದಿತ್ತು. ಅವಸರದಲ್ಲಿ ಸುರಿದರೆ ಕಾಲಮಿಗೆ ಏರಿ, ಒಳಗೆ ತುಂಬಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಆಮೇಲೆ

ಚಾರ್ಮಾಡಿಯ ತಿರುವುಗಳಲ್ಲಿ ಈಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ನೇರ ರಸ್ತೆಯ ಅಲೆತ ಬಹುಮಟ್ಟಿಗೆ ಹೋಗಿದೆ. ಅದರಲ್ಲಿ ಬೆಲ್ ಕ್ರ್ಯಾಂಕಿನ ಪಾಲು ಬಾಕ್ಸಿನದಕ್ಕಿಂತ ಹೆಚ್ಚೇ ಇರಬಹುದು. ಒಂದು ಮಳೆಗಾಲ ಕಳೆದ ಮೇಲೆ ಜೀಪು ಮತ್ತೆ ಬಂದಾಗ ಪ್ಲಗ್ ತೆಗೆದು ನೋಡಿದೆವು. ಎಣ್ಣೆ ಬಿಳಿಚಿರಲಿಲ್ಲ. ಮಟ್ಟ ತುಸು ಇಳಿದಿತ್ತು, ಸೀಲಿನ ಸುತ್ತ ತೇವ ಕಾಣುತ್ತಿತ್ತು, ತೊಟ್ಟಿಕ್ಕುವಷ್ಟಲ್ಲ. ಗುಳಿ ಬಿದ್ದ ಶಾಫ್ಟಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಎಂಜಿನ್ ಆಯಿಲ್ ನೋಡುವ ದಿನವೇ ಈ ಪ್ಲಗ್ಗನ್ನೂ ತೆಗೆದು ನೋಡುವಂತೆ ಡ್ರೈವರಿಗೆ ಹೇಳಿದ್ದೆ, ಅವರು ಅದನ್ನು ಪಾಲಿಸಿದ್ದಾರೆ. ಸಿರಿಂಜೂ ಎಣ್ಣೆಯ ಸಣ್ಣ ಕ್ಯಾನೂ ಜೀಪಿನ ಟೂಲ್ ಬಾಕ್ಸಿನಲ್ಲೇ ಇದ್ದವು.

ಉಳಿದಿರುವುದು ಲಿವರ್ ಶಾಫ್ಟ್. ಮಟ್ಟಸವಾದ ಪಿನ್ನು ಇನ್ನೂ ಸವೆಯುತ್ತದೆ, ಹೊಸ ಎಣ್ಣೆ ಅದನ್ನು ನಿಧಾನಿಸಬಲ್ಲದೇ ಹೊರತು ದುಂಡಗೆ ಮಾಡಲಾರದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿಸಲು ಹೇಳಿದ್ದೇವೆ. ಕೊಳ್ಳುವಾಗ ಪಿನ್ನಿನ ಮೂತಿಯ ಮೇಲೆ ಅರದ ಅಂಚನ್ನು ಮೆಲ್ಲಗೆ ಎಳೆದು ನೋಡಬೇಕು. ಸರಿಯಾಗಿ ಹದ ಮಾಡಿದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆದು ಉಕ್ಕನ್ನು ಕಚ್ಚುತ್ತದೆ. ಕಚ್ಚಿದರೆ ಅದನ್ನು ಅಲ್ಲೇ ಬಿಟ್ಟು ಬರುವುದು. ಕಾಫಿ ಕೊಯ್ಲು ಮುಗಿದು ಜೀಪಿಗೆ ಬಿಡುವು ಸಿಕ್ಕಾಗ ಬಾಕ್ಸನ್ನು ಮತ್ತೊಮ್ಮೆ ಇಳಿಸಿ ಶಾಫ್ಟ್, ಸೀಲ್ ಎರಡನ್ನೂ ಬದಲಿಸುವುದು ಎಂದು ಸಾಹುಕಾರರ ಜೊತೆ ಮಾತಾಗಿದೆ.